ಬಾವಲಿಯ ಆಹಾರಕ್ಕೂ ಅದರ ಕರುಳಿನ ಬ್ಯಾಕ್ಟೀರಿಯಾಗಳಿಗೂ ಏನು ಸಂಬಂಧ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟ. ಹಳೆಯ ಹಂಚಿನ ಮನೆಯ ಅಟ್ಟದಲ್ಲಿ ಸಣ್ಣ ಬಾವಲಿಗಳು ಸೇರಿಕೊಂಡಿವೆ. ಅವುಗಳ ಹಿಕ್ಕೆ ಕಪ್ಪಗೆ ಒಣಗಿರುತ್ತದೆ, ಬೆರಳಲ್ಲಿ ಒತ್ತಿದರೆ ಮಿನುಗುವ ಪುಡಿಯಾಗುತ್ತದೆ. ತೋಟದ ಅಂಚಿನ ಬಸರಿ ಮರಕ್ಕೆ ಬರುವ ದೊಡ್ಡ ಬಾವಲಿಗಳದ್ದು ನೀರಾಗಿ, ಬೀಜಗಳಿಂದ ತುಂಬಿರುತ್ತದೆ. ದನದ ಹೊಟ್ಟೆಯಲ್ಲಿ ಹುಲ್ಲನ್ನು ಕರಗಿಸುವುದು ಬ್ಯಾಕ್ಟೀರಿಯಾ ಎಂದು ಓದಿದ್ದೇನೆ. ಬಾವಲಿಗೂ ಹಾಗೆಯೇ ಬ್ಯಾಕ್ಟೀರಿಯಾಗಳ ಸಹಾಯ ಬೇಕೇ? ಹಣ್ಣು ತಿನ್ನುವ ಬಾವಲಿಯಲ್ಲೂ ಹುಳು ತಿನ್ನುವ ಬಾವಲಿಯಲ್ಲೂ ಅವು ಬೇರೆಬೇರೆಯೇ? ಅಟ್ಟದ ಹಿಕ್ಕೆಯನ್ನು ತೋಟಕ್ಕೆ ಗೊಬ್ಬರವಾಗಿ ಹಾಕಬಹುದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹೌದು, ಎರಡೂ ಬಗೆಯ ಬಾವಲಿಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಬೇರೆಬೇರೆಯೇ. ಆದರೆ ಮೊದಲನೆಯ ಪ್ರಶ್ನೆಯಲ್ಲಿ ನೀವು ತಂದಿರುವ ದನದ ಹೋಲಿಕೆ ಬಾವಲಿಗೆ ಹೊಂದುವುದಿಲ್ಲ. ಅದು ಏಕೆ ಹೊಂದುವುದಿಲ್ಲ ಎಂಬುದು ತಿಳಿದರೆ, ಆಹಾರಕ್ಕೂ ಬ್ಯಾಕ್ಟೀರಿಯಾಗಳಿಗೂ ಬಾವಲಿಯಲ್ಲಿ ಇರುವ ನಂಟು ಎಷ್ಟು ಗಟ್ಟಿ, ಎಷ್ಟು ಸಡಿಲ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಿಮ್ಮ ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಹಸು ಇದ್ದರೆ, ಅದು ಬೆಳಿಗ್ಗೆ ಮೇಯ್ದ ಹುಲ್ಲು ಅದರ ಮೊದಲ ಹೊಟ್ಟೆಯಲ್ಲಿ ಒಂದೆರಡು ದಿನ ಉಳಿಯುತ್ತದೆ. ಆ ಹೊಟ್ಟೆಯೊಳಗೆ ಆಮ್ಲಜನಕ ಇಲ್ಲವೇ ಇಲ್ಲ ಎನ್ನಬಹುದು. ಆಮ್ಲಜನಕವಿದ್ದರೆ ಸಾಯುವ, ನಿಧಾನವಾಗಿ ಬೆಳೆಯುವ, ಹುಲ್ಲಿನ ನಾರಿನಂಶವಾದ ಸೆಲ್ಯುಲೋಸನ್ನು ಒಡೆಯಬಲ್ಲ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಸಿ, ಹುಲ್ಲನ್ನು ಹುದುಗಿಸಿ, ಹಸುವಿಗೆ ಬೇಕಾದ ಶಕ್ತಿಯ ಬಹುಪಾಲನ್ನು ಒದಗಿಸುತ್ತವೆ. ಹುಲ್ಲನ್ನು ಜೀರ್ಣಿಸುವ ಕೆಲಸ ಹಸುವಿನ ಸ್ವಂತ ಕಿಣ್ವಗಳಿಂದ ಸಾಧ್ಯವಿಲ್ಲ. ಬ್ಯಾಕ್ಟೀರಿಯಾ ಇಲ್ಲದಿದ್ದರೆ ಹಸು ಬದುಕುವುದಿಲ್ಲ. ಕುದುರೆ, ಮೊಲ ಮುಂತಾದ ಪ್ರಾಣಿಗಳಲ್ಲಿ ಇದೇ ಕೆಲಸ ಕರುಳಿನ ಹಿಂಭಾಗದಲ್ಲಿ, ಒಂದು ತುದಿ ಮುಚ್ಚಿದ ಚೀಲದಂತಹ ದೊಡ್ಡ ಕುರುಡು ಕರುಳಿನಲ್ಲಿ ನಡೆಯುತ್ತದೆ. ಇಂತಹ ಪ್ರಾಣಿಗಳಲ್ಲಿ ಆಹಾರ ಮತ್ತು ಬ್ಯಾಕ್ಟೀರಿಯಾ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. 2008ರಲ್ಲಿ 60 ಜಾತಿಯ ಸಸ್ತನಿಗಳ ಮಲವನ್ನು ಹೋಲಿಸಿ ನೋಡಿದ ಪ್ರಸಿದ್ಧ ಅಧ್ಯಯನವೊಂದು, ಕರುಳಿನ ಬ್ಯಾಕ್ಟೀರಿಯಾ ಸಮುದಾಯವನ್ನು ಪ್ರಾಣಿಯ ವಂಶ ಮತ್ತು ಅದರ ಆಹಾರ ಎರಡೂ ರೂಪಿಸುತ್ತವೆಂದು, ಮಾಂಸಾಹಾರಿಗಳಿಂದ ಮಿಶ್ರಾಹಾರಿಗಳಿಗೆ, ಅಲ್ಲಿಂದ ಸಸ್ಯಾಹಾರಿಗಳಿಗೆ ಬಂದಂತೆ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚುತ್ತದೆಂದು ತೋರಿಸಿತು.

ಈಗ ಬಾವಲಿಯ ಹೊಟ್ಟೆಯನ್ನು ನೋಡೋಣ. ಹಾರುವ ಪ್ರಾಣಿಗೆ ಹೊಟ್ಟೆಯಲ್ಲಿ ಹೊತ್ತೊಯ್ಯುವ ಪ್ರತಿಯೊಂದು ಗ್ರಾಮೂ ಹೊರೆ. ಹಸುವಿನಂತೆ ಆಹಾರವನ್ನು ದಿನಗಟ್ಟಲೆ ಹುದುಗಿಸುವ ಚೀಲವನ್ನು ಹೊತ್ತು ಹಾರುವುದು ಅಸಾಧ್ಯ. ಹೆಚ್ಚಿನ ಬಾವಲಿ ಜಾತಿಗಳಲ್ಲಿ ಕುರುಡು ಕರುಳು ಇಲ್ಲ. ಸಣ್ಣ ಕರುಳು ಎಲ್ಲಿ ಮುಗಿದು ದೊಡ್ಡ ಕರುಳು ಎಲ್ಲಿ ಆರಂಭವಾಗುತ್ತದೆ ಎಂದು ಹೊರನೋಟಕ್ಕೆ ಗುರುತಿಸುವುದೂ ಕಷ್ಟ. ಅಷ್ಟೇ ಗಾತ್ರದ, ಹಾರದ ಸಸ್ತನಿಗೆ ಹೋಲಿಸಿದರೆ ಬಾವಲಿಯ ಕರುಳು ಗಿಡ್ಡ. ಹಣ್ಣು ತಿನ್ನುವ ಬಾವಲಿಯ ದೇಹದಿಂದ, ತಿಂದ ಅರ್ಧ ಗಂಟೆಯ ಆಸುಪಾಸಿನಲ್ಲೇ ಆ ಹಣ್ಣಿನ ಬೀಜ ಹೊರಬೀಳುತ್ತದೆ. ನಿಮ್ಮ ಬಸರಿ ಮರದಡಿಯ ಹಿಕ್ಕೆ ನೀರಾಗಿರುವುದಕ್ಕೂ ಬೀಜಗಳು ಹಾಗೆಯೇ ಉಳಿದಿರುವುದಕ್ಕೂ ಇದೇ ಕಾರಣ. ಕೀಟಾಹಾರಿಗಳಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದಾದರೂ ಅದೂ ಗಂಟೆಗಳ ಲೆಕ್ಕವೇ ಹೊರತು ದಿನಗಳ ಲೆಕ್ಕವಲ್ಲ.

ಇಷ್ಟು ಗಿಡ್ಡ ಕರುಳಿನಲ್ಲಿ, ಇಷ್ಟು ಕಡಿಮೆ ಹೊತ್ತಿನಲ್ಲಿ ಪೋಷಕಾಂಶ ಹೀರಲ್ಪಡುವುದಾದರೂ ಹೇಗೆ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಸಕ್ಕರೆಯು ಕರುಳಿನ ಒಳಪದರದ ಜೀವಕೋಶಗಳ ಮೂಲಕ, ಅದಕ್ಕೆಂದೇ ಇರುವ ಸಾಗಣೆ ಪ್ರೋಟೀನುಗಳ ನೆರವಿನಿಂದ ರಕ್ತಕ್ಕೆ ಸೇರುತ್ತದೆ. ಬಾವಲಿ ಮತ್ತು ಹಕ್ಕಿಗಳಲ್ಲಿ ಈ ದಾರಿಯ ಜೊತೆಗೆ, ಅಕ್ಕಪಕ್ಕದ ಜೀವಕೋಶಗಳ ನಡುವಿನ ಸಂದಿಯಿಂದಲೂ ಸಕ್ಕರೆ ನೇರವಾಗಿ ಒಳಸೇರುತ್ತದೆ. 2007ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಹಾರುವ ಪ್ರಾಣಿಗಳಲ್ಲಿ ಈ ಸಂದಿಯ ದಾರಿಯ ಪಾಲು ಗಣನೀಯವಾಗಿ ಹೆಚ್ಚೆಂದೂ, ಚಿಕ್ಕ ಕರುಳಿನ ಕೊರತೆಯನ್ನು ಅದು ತುಂಬಿಕೊಡುತ್ತದೆಂದೂ ಹೇಳಿತು. ಎಂದರೆ, ಹಸು ಬ್ಯಾಕ್ಟೀರಿಯಾಗಳಿಗೆ ವಹಿಸಿಕೊಟ್ಟಿರುವ ಕೆಲಸದ ಬಹುಭಾಗವನ್ನು ಬಾವಲಿ ತನ್ನದೇ ಕಿಣ್ವಗಳಿಂದ, ತನ್ನದೇ ಕರುಳಿನ ಗೋಡೆಯಿಂದ ಮಾಡಿಕೊಳ್ಳುತ್ತದೆ. ಅದು ಆರಿಸಿಕೊಳ್ಳುವ ಆಹಾರವೂ ಇದಕ್ಕೆ ತಕ್ಕಂತೆಯೇ ಇರುತ್ತದೆ: ಕಳಿತ ಹಣ್ಣಿನ ರಸ, ಹೂವಿನ ಮಕರಂದ, ಕೀಟಗಳ ಕೊಬ್ಬು ಮತ್ತು ಪ್ರೋಟೀನು. ಇವೆಲ್ಲ ಬೇಗ ಜೀರ್ಣವಾಗುವ ವಸ್ತುಗಳು.

ಹೀಗಿರುವ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾಗಳು ಇರಬಲ್ಲವು? ಮನುಷ್ಯರನ್ನೂ ಸೇರಿಸಿ ಬಹುತೇಕ ಸಸ್ತನಿಗಳ ಕರುಳಿನಲ್ಲಿ ಫರ್ಮಿಕ್ಯೂಟ್ಸ್ ಮತ್ತು ಬ್ಯಾಕ್ಟೀರಾಯ್ಡೀಟ್ಸ್ ಎಂಬ ಎರಡು ದೊಡ್ಡ ಗುಂಪುಗಳದ್ದೇ ಮೇಲುಗೈ. ಬಾವಲಿಗಳಲ್ಲಿ ಬ್ಯಾಕ್ಟೀರಾಯ್ಡೀಟ್ಸ್ ಗುಂಪು ಬಹಳ ಕಡಿಮೆ. ಅದರ ಬದಲಿಗೆ ಪ್ರೋಟಿಯೋಬ್ಯಾಕ್ಟೀರಿಯಾ ಗುಂಪಿನವು, ಅದರಲ್ಲೂ ಎಂಟೆರೋಬ್ಯಾಕ್ಟೀರಿಯೇಸಿ ಕುಟುಂಬದವು, ಹೇರಳವಾಗಿ ಸಿಗುತ್ತವೆ. ಇವು ಆಮ್ಲಜನಕ ಇದ್ದರೂ ಇಲ್ಲದಿದ್ದರೂ ಬದುಕಬಲ್ಲವು ಮತ್ತು ಬೇಗ ಬೇಗ ದ್ವಿಗುಣಗೊಳ್ಳುತ್ತವೆ. ಆಹಾರ ಸರಸರನೆ ಸಾಗಿಹೋಗುವ ಕಿರಿದಾದ ಕರುಳಿನಲ್ಲಿ ನಿಲ್ಲಲು ಈ ಎರಡು ಗುಣಗಳೂ ಬೇಕು. ಈ ಸಂಗತಿಯನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮನುಷ್ಯನ ಕರುಳಿನಲ್ಲಿ ಎಂಟೆರೋಬ್ಯಾಕ್ಟೀರಿಯೇಸಿ ಈ ಪ್ರಮಾಣದಲ್ಲಿ ಹೆಚ್ಚಿದರೆ ವೈದ್ಯರು ಅದನ್ನು ಕರುಳಿನ ಸಮತೋಲನ ಕೆಟ್ಟಿರುವ ಲಕ್ಷಣವೆಂದು ನೋಡುತ್ತಾರೆ. ಬಾವಲಿಗೆ ಅದೇ ಆರೋಗ್ಯದ ಸ್ಥಿತಿ. ಬಾವಲಿಯ ಹಿಕ್ಕೆಯಲ್ಲಿ ಇಂತಿಂಥ ಬ್ಯಾಕ್ಟೀರಿಯಾ ಸಿಕ್ಕಿತೆಂಬ ಸುದ್ದಿ ಓದಿದ ಮಾತ್ರಕ್ಕೆ ಅದು ರೋಗದ ಗೂಡು ಎಂದು ತೀರ್ಮಾನಿಸುವುದು, ನಮ್ಮ ಶರೀರದ ಅಳತೆಗೋಲನ್ನು ಬೇರೊಂದು ಶರೀರದ ಮೇಲೆ ಹೇರಿದಂತಾಗುತ್ತದೆ.

2020ರಲ್ಲಿ ಸುಮಾರು 900 ಕಶೇರುಕ (ಬೆನ್ನೆಲುಬುಳ್ಳ ಪ್ರಾಣಿ) ಜಾತಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೋಲಿಸಿದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಹಾರದ ಸಸ್ತನಿಗಳಲ್ಲಿ ವಂಶಕ್ಕೂ ಆಹಾರಕ್ಕೂ ಬ್ಯಾಕ್ಟೀರಿಯಾಗಳೊಂದಿಗೆ ಬಲವಾದ ಸಂಬಂಧ ಕಂಡಿತು. ಹಕ್ಕಿಗಳಲ್ಲಿ ಆ ಸಂಬಂಧ ದುರ್ಬಲವಾಗಿತ್ತು. ಬಾವಲಿಗಳು ಹುಟ್ಟಿನಿಂದ ಸಸ್ತನಿಗಳಾಗಿದ್ದರೂ ಈ ವಿಷಯದಲ್ಲಿ ಹಕ್ಕಿಗಳ ಸಾಲಿಗೇ ಸೇರಿದವು. ನನ್ನ ತಿಳಿವಳಿಕೆಯಲ್ಲಿ ಬಾವಲಿಯ ಕರುಳಿನ ಬಗ್ಗೆ ಈಚಿನ ವರ್ಷಗಳಲ್ಲಿ ಬಂದಿರುವ ಮಾತುಗಳಲ್ಲೆಲ್ಲ ಇದು ಅತ್ಯಂತ ಮುಖ್ಯವಾದುದು. ಹಸುವಿನ ಹೊಟ್ಟೆಯ ಬ್ಯಾಕ್ಟೀರಿಯಾಗಳು ಮನೆಯವರಾದರೆ, ಬಾವಲಿಯ ಕರುಳಿನಲ್ಲಿರುವವರಲ್ಲಿ ಬಹುಪಾಲು ನೆಂಟರು. ಊಟದೊಂದಿಗೆ ಬಂದು, ಊಟ ಮುಗಿದ ಮೇಲೆ ಹೊರಡುವವರು.

ಹಾಗೆಂದು ಆಹಾರದ ಪ್ರಭಾವವೇ ಇಲ್ಲವೆಂದು ತಿಳಿಯಬಾರದು. ಅದು ಎಲ್ಲೆಲ್ಲಿ ಎದ್ದು ಕಾಣುತ್ತದೆ ಎಂಬುದನ್ನು ಒಂದೊಂದಾಗಿ ನೋಡಬೇಕು.

ನಿಮ್ಮ ಅಟ್ಟದ ಬಾವಲಿಗಳನ್ನೇ ತೆಗೆದುಕೊಳ್ಳಿ. ಹಿಕ್ಕೆಯ ಪುಡಿಯಲ್ಲಿ ನೀವು ಕಂಡ ಮಿನುಗು, ಜೀರ್ಣವಾಗದೆ ಉಳಿದ ಕೀಟಗಳ ಹೊರಕವಚದ ಚೂರುಗಳದ್ದು. ಆ ಕವಚ ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದ ಆಗಿದೆ. ಕೈಟಿನ್ನನ್ನು ಒಡೆಯುವ ಕಿಣ್ವವನ್ನು ಬಾವಲಿಯ ಜಠರವೇ ಸ್ವಲ್ಪಮಟ್ಟಿಗೆ ಸ್ರವಿಸುತ್ತದೆ. ಇದರ ಜೊತೆಗೆ ಅಮೆರಿಕದ ಕೀಟಾಹಾರಿ ಬಾವಲಿಗಳ ಕರುಳಿನಿಂದ ಕೈಟಿನ್ ಒಡೆಯಬಲ್ಲ ಬ್ಯಾಕ್ಟೀರಿಯಾಗಳನ್ನೂ ಬೇರ್ಪಡಿಸಲಾಗಿದೆ. 2004ರಲ್ಲಿ ಅದರ ವರದಿ ಬಂತು. ಕೀಟಗಳ ಮೈಮೇಲೂ ಹೊಟ್ಟೆಯೊಳಗೂ ಅವುಗಳದೇ ಆದ ಬ್ಯಾಕ್ಟೀರಿಯಾಗಳಿರುತ್ತವೆ. ಒಂದು ರಾತ್ರಿಯಲ್ಲಿ ತನ್ನ ತೂಕದ ಅರ್ಧದಷ್ಟು ಕೀಟಗಳನ್ನು ತಿನ್ನಬಲ್ಲ ಬಾವಲಿ, ಆ ಕೀಟಗಳ ಬ್ಯಾಕ್ಟೀರಿಯಾಗಳನ್ನೂ ಅದೇ ಪ್ರಮಾಣದಲ್ಲಿ ನುಂಗುತ್ತದೆ. ಹಿಕ್ಕೆಯಲ್ಲಿ ಸಿಗುವ ಬ್ಯಾಕ್ಟೀರಿಯಾಗಳಲ್ಲಿ ಬಾವಲಿಯವು ಯಾವುವು, ಕೀಟದವು ಯಾವುವು ಎಂದು ವಿಂಗಡಿಸುವುದು ಈ ಕ್ಷೇತ್ರದ ಕಷ್ಟದ ಕೆಲಸಗಳಲ್ಲೊಂದು.

ಬಸರಿ ಮರಕ್ಕೆ ಬರುವವುಗಳ ಸಂಗತಿ ಬೇರೆ. ನಮ್ಮ ದೊಡ್ಡ ಹಣ್ಣುಬಾವಲಿ ಒಂದು ಕಿಲೋಗಿಂತ ಹೆಚ್ಚು ತೂಗಬಲ್ಲದು, ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಅಗಲ. ಅದು ಹಣ್ಣನ್ನು ಬಾಯಲ್ಲಿ ಹಿಂಡಿ, ರಸವನ್ನು ನುಂಗಿ, ನಾರಿನ ಮುದ್ದೆಯನ್ನು ಉಗುಳುತ್ತದೆ. ನಿಮ್ಮ ತೋಟದಲ್ಲಿ ಹಣ್ಣಡಿಕೆಯ ಸಿಪ್ಪೆಯನ್ನು ಚೀಪಿ ಬೀಳಿಸಿದ ಗುರುತುಗಳನ್ನು ನೀವು ನೋಡಿಯೇ ಇರುತ್ತೀರಿ. ಎಂದರೆ ಬ್ಯಾಕ್ಟೀರಿಯಾಗಳು ಕರಗಿಸಬೇಕಾದ ನಾರನ್ನು ಬಾವಲಿ ಹೊಟ್ಟೆಯೊಳಕ್ಕೆ ಬಿಟ್ಟುಕೊಳ್ಳುವುದೇ ಕಡಿಮೆ. ಆದರೂ ಸ್ವಲ್ಪ ನಾರು ಒಳಗೆ ಹೋಗುತ್ತದೆ. ಹಣ್ಣಿನಲ್ಲಿ ಪ್ರೋಟೀನು ಕಡಿಮೆ ಇರುವುದರಿಂದ ಈ ಬಾವಲಿಗಳು ಎಲೆಗಳನ್ನೂ ಅಗಿದು ರಸ ಕುಡಿಯುವುದುಂಟು. 2004ರಲ್ಲಿ ಆನಂದ್ ಮತ್ತು ಶ್ರೀಪತಿ ಎಂಬ ಭಾರತೀಯ ಸಂಶೋಧಕರು ಇದೇ ಬಾವಲಿಯ ಕರುಳಿನಿಂದ ಸೆಲ್ಯುಲೋಸ್ ಮತ್ತು ಜೈಲಾನ್ ಎಂಬ ಸಸ್ಯದ ನಾರಿನಂಶಗಳನ್ನು ಒಡೆಯಬಲ್ಲ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ಪ್ರೋಟಿಯಸ್, ಸಿಟ್ರೊಬ್ಯಾಕ್ಟರ್, ಸಿರಾಟಿಯಾ, ಕ್ಲೆಬ್ಸಿಯೆಲ್ಲಾ ಕುಲಗಳಿಗೆ ಸೇರಿದವು ಅವು. ನಮ್ಮ ದೇಶದ ಬಾವಲಿಯ ಮೇಲೆ, ನಮ್ಮವರೇ ಮಾಡಿದ ಈ ಕೆಲಸ ನನಗೆ ಬಹಳ ಬೆಲೆಯುಳ್ಳದ್ದು. ಆದರೆ ಅದನ್ನು ಓದುವಾಗ ಒಂದು ಎಚ್ಚರವಿರಬೇಕು. ಪ್ರಯೋಗಾಲಯದ ತಟ್ಟೆಯಲ್ಲಿ ನಾರನ್ನು ಒಡೆಯುವ ಬ್ಯಾಕ್ಟೀರಿಯಾ, ಅರ್ಧ ಗಂಟೆಯಲ್ಲಿ ಆಹಾರ ಹೊರಬೀಳುವ ಕರುಳಿನಲ್ಲಿ ಬಾವಲಿಗೆ ಉಪಯೋಗವಾಗುವಷ್ಟು ನಾರನ್ನು ಒಡೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಸಾಮರ್ಥ್ಯವಿದೆ ಎಂಬುದು ಸಿದ್ಧವಾಗಿದೆ. ಅದರ ಪಾಲು ದೊಡ್ಡದಿರಲಾರದು ಎಂಬುದು ನನ್ನ ಅಭಿಪ್ರಾಯ.

ಆಹಾರದ ಪ್ರಭಾವ ಅತಿ ಸ್ಪಷ್ಟವಾಗಿ ಕಾಣುವುದು ರಕ್ತ ಕುಡಿಯುವ ಬಾವಲಿಗಳಲ್ಲಿ. ಇವು ಒಟ್ಟು ಮೂರೇ ಜಾತಿ, ಮೂರೂ ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ನಾಡುಗಳವು; ಮಲೆನಾಡಿನಲ್ಲಾಗಲಿ, ಭಾರತದ ಬೇರೆಲ್ಲಿಯೇ ಆಗಲಿ ಒಂದೂ ಇಲ್ಲ. (ನಮ್ಮ ಪಾಳುಮನೆಗಳಲ್ಲಿರುವ ದೊಡ್ಡ ಕಿವಿಯ ಒಂದು ಬಾವಲಿಯನ್ನು ಕೆಲವರು ರಕ್ತ ಹೀರುವುದೆಂದು ಹೆದರಿ ಓಡಿಸುವುದುಂಟು. ಅದು ದೊಡ್ಡ ಕೀಟಗಳನ್ನು, ಅದರ ಹತ್ತಿರದ ಇನ್ನೊಂದು ಜಾತಿಯು ಕಪ್ಪೆ, ಹಲ್ಲಿ, ಇಲಿಗಳನ್ನೂ ಹಿಡಿದು ತಿನ್ನುತ್ತದೆ, ಅಷ್ಟೇ.) ರಕ್ತ ಬಹಳ ಕಷ್ಟದ ಆಹಾರ. ಅದರ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರು; ಉಳಿದ ಘನಾಂಶದಲ್ಲಿ ನೂರಕ್ಕೆ ಸುಮಾರು 93 ಭಾಗ ಪ್ರೋಟೀನಾದರೆ ಶರ್ಕರಪಿಷ್ಟ 1 ಭಾಗ ಮಾತ್ರ; ಜೀವಸತ್ವಗಳೂ ಕಡಿಮೆ. 2018ರಲ್ಲಿ ಸಾಮಾನ್ಯ ರಕ್ತಪಾಯಿ ಬಾವಲಿಯ ವಂಶವಾಹಿಗಳನ್ನೂ ಅದರ ಕರುಳಿನ ಸೂಕ್ಷ್ಮಜೀವಿಗಳ ವಂಶವಾಹಿಗಳನ್ನೂ ಒಟ್ಟಿಗೇ ಓದಿದಾಗ, ಹಣ್ಣು, ಕೀಟ, ಮಾಂಸ ತಿನ್ನುವ ಅದರ ಬಂಧುಗಳಲ್ಲಿ ಇಲ್ಲದಂತಹ ವಿಶಿಷ್ಟ ಸಾಮರ್ಥ್ಯಗಳು ಅದರ ಸೂಕ್ಷ್ಮಜೀವಿಗಳಲ್ಲಿ ಕಂಡವು. ಆಹಾರದಲ್ಲಿ ಕೊರತೆಯಾದ ಜೀವಸತ್ವಗಳನ್ನು ತಯಾರಿಸಬಲ್ಲ ವಂಶವಾಹಿಗಳೂ ಅವುಗಳಲ್ಲಿದ್ದವು. ಆಹಾರ ಹೀಗೆ ಒಂದೇ ಕಡೆಗೆ ವಾಲಿದಾಗ ಬಾವಲಿಯೂ ಬ್ಯಾಕ್ಟೀರಿಯಾಗಳ ನೆರವನ್ನು ಗಟ್ಟಿಯಾಗಿಯೇ ಪಡೆಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಇಲ್ಲಿ ‘ಬಂಧುಗಳು’ ಎಂಬ ಮಾತು ಮುಖ್ಯ. ನಿಮ್ಮ ಅಟ್ಟದ ಬಾವಲಿಯನ್ನು ಬಸರಿ ಮರದ ಬಾವಲಿಯೊಂದಿಗೆ ಹೋಲಿಸಿ ಬ್ಯಾಕ್ಟೀರಿಯಾ ಬೇರೆ ಇವೆ ಎಂದು ತೋರಿಸಿದರೂ, ಆ ವ್ಯತ್ಯಾಸ ಆಹಾರದಿಂದಲೇ ಬಂದದ್ದೆಂದು ಹೇಳಲಾಗುವುದಿಲ್ಲ. ನಮ್ಮ ಕಡೆ ಹಣ್ಣು ತಿನ್ನುವ ಬಾವಲಿಗಳೆಲ್ಲ ಒಂದೇ ಕುಟುಂಬಕ್ಕೆ ಸೇರಿದವು; ಕೀಟ ತಿನ್ನುವವು ಬೇರೆ ಕುಟುಂಬಗಳವು, ಅವುಗಳ ಪೂರ್ವಜರು ಕೋಟ್ಯಂತರ ವರ್ಷಗಳ ಹಿಂದೆಯೇ ಕವಲೊಡೆದವರು. ಅವುಗಳ ನಡುವೆ ಆಹಾರವೂ ಬೇರೆ, ವಂಶವೂ ಬೇರೆ, ವಾಸದ ಜಾಗವೂ ಬೇರೆ. ಯಾವುದರಿಂದ ಏನಾಯಿತೆಂದು ಬಿಡಿಸುವುದು ಹೇಗೆ? ಆದ್ದರಿಂದಲೇ ಸಂಶೋಧಕರು ಅಮೆರಿಕ ಖಂಡಗಳ ಎಲೆಮೂಗಿನ ಬಾವಲಿಗಳ ಕುಟುಂಬವನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ. ಕೀಟ ತಿನ್ನುತ್ತಿದ್ದ ಪೂರ್ವಜರಿಂದ ಬಂದ ಆ ಒಂದೇ ಕುಟುಂಬದಲ್ಲಿ ಕೀಟಾಹಾರಿಗಳು, ಹಣ್ಣು ತಿನ್ನುವವು, ಮಕರಂದ ಹೀರುವವು, ಸಣ್ಣ ಪ್ರಾಣಿಗಳನ್ನು ಬೇಟೆಯಾಡುವವು, ರಕ್ತ ಕುಡಿಯುವವು ಎಲ್ಲವೂ ಇವೆ. ಅಲ್ಲಿ ನಡೆದ ಅಧ್ಯಯನಗಳು ವಂಶ ಮತ್ತು ಆಹಾರ ಎರಡರ ಗುರುತನ್ನೂ ಬ್ಯಾಕ್ಟೀರಿಯಾಗಳಲ್ಲಿ ಕಂಡಿವೆ.

ಇದಕ್ಕಿಂತಲೂ ನೇರವಾದ ಪರೀಕ್ಷೆ ಎಂದರೆ, ಒಂದೇ ಜಾತಿಯ ಬಾವಲಿಯ ಆಹಾರ ಋತುವಿನೊಂದಿಗೆ ಬದಲಾದಾಗ ಏನಾಗುತ್ತದೆ ಎಂದು ನೋಡುವುದು. ಚೀನಾದಲ್ಲಿ ಇಯಾ ಅಯೊ ಎಂಬ ದೊಡ್ಡ ಬಾವಲಿಯೊಂದಿದೆ. ಅದು ಬೇಸಿಗೆಯಲ್ಲಿ ಕೀಟ ತಿನ್ನುತ್ತದೆ, ವಲಸೆ ಹಕ್ಕಿಗಳು ರಾತ್ರಿ ಹಾದುಹೋಗುವ ಕಾಲದಲ್ಲಿ ಆ ಹಕ್ಕಿಗಳನ್ನೇ ಹಿಡಿದು ತಿನ್ನುತ್ತದೆ. 2021ರಲ್ಲಿ ಪ್ರಕಟವಾದ ಅಧ್ಯಯನವು, ಅದರ ಕರುಳಿನ ಬ್ಯಾಕ್ಟೀರಿಯಾಗಳೂ ಈ ಆಹಾರ ಬದಲಾವಣೆಯೊಂದಿಗೆ ಬದಲಾಗುತ್ತವೆಂದು ತೋರಿಸಿತು. ವಂಶ ಒಂದೇ ಆಗಿದ್ದು ಊಟ ಮಾತ್ರ ಬೇರೆಯಾದಾಗ ಕಂಡ ವ್ಯತ್ಯಾಸವಾದ್ದರಿಂದ ಇದಕ್ಕೆ ತೂಕ ಹೆಚ್ಚು.

ಮಲೆನಾಡಿನಲ್ಲಿ ಇದೇ ಬಗೆಯ ಪ್ರಶ್ನೆ ಕೇಳುವುದಕ್ಕೆ ಬೇಕಾದದ್ದೆಲ್ಲ ಇದೆ. ಮುಂಗಾರಿನ ಮೊದಲ ಮಳೆಗೆ ರೆಕ್ಕೆಯ ಗೆದ್ದಲುಗಳು ಏಳುವ ಕೆಲವೇ ಸಂಜೆಗಳಲ್ಲಿ ಕೀಟಾಹಾರಿ ಬಾವಲಿಗಳಿಗೆ ಮೆತ್ತನೆಯ, ಕೊಬ್ಬು ತುಂಬಿದ ಊಟ ಧಾರಾಳವಾಗಿ ಸಿಗುತ್ತದೆ. ಆಗುಂಬೆಯ ಸುತ್ತ ಆಷಾಢದ ಮಳೆ ಬಿಡದೆ ಸುರಿಯುವಾಗ ಹಾರುವುದೂ ಕಷ್ಟ, ಕೀಟವೂ ಕಡಿಮೆ. ಹಣ್ಣುಬಾವಲಿಗಳಿಗೆ ಬೇಸಿಗೆಯಲ್ಲಿ ಮಾವು, ನೇರಳೆ, ಬೂರುಗದ ಹೂವು ಬಿಡುವಾಗ ಅದರ ಮಕರಂದ, ಅತ್ತಿ ಬಸರಿಗಳು ತಮ್ಮ ತಮ್ಮ ಕಾಲಕ್ಕೆ, ಅಡಿಕೆ ಹಣ್ಣಾದಾಗ ಅದರ ಸಿಪ್ಪೆ. ಕಾಡಿನ ಹಣ್ಣನ್ನೇ ಹೆಚ್ಚು ತಿನ್ನುವ ಗುಂಪಿಗೂ, ತೋಟದ ಬೆಳೆಯನ್ನೇ ನೆಚ್ಚಿಕೊಂಡ ಗುಂಪಿಗೂ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯದಲ್ಲಿ ವ್ಯತ್ಯಾಸವಿದೆಯೇ ಎಂಬುದು, ಕಾಡಿನ ಅತ್ತಿ ಆಲಗಳು ಕಡಿಮೆಯಾಗುತ್ತಿರುವ ಕಡೆಗಳಲ್ಲಿ, ಬಾವಲಿಯ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ ಪ್ರಶ್ನೆ. ಇಂತಹ ಅಧ್ಯಯನಕ್ಕೆ ಬಾವಲಿಯನ್ನು ಕೊಲ್ಲಬೇಕಾಗಿಲ್ಲ. ಮರದಡಿ ಶುಚಿಯಾದ ಹಾಳೆ ಹಾಸಿ ಆಗತಾನೇ ಬಿದ್ದ ಹಿಕ್ಕೆಯನ್ನು ಸಂಗ್ರಹಿಸಿದರೆ, ಅದರಲ್ಲಿರುವ ಡಿಎನ್ಎಯಿಂದ ಬಾವಲಿ ಏನು ತಿಂದಿದೆ ಎಂಬುದನ್ನೂ ಯಾವ ಬ್ಯಾಕ್ಟೀರಿಯಾಗಳಿವೆ ಎಂಬುದನ್ನೂ ಒಂದೇ ಮಾದರಿಯಲ್ಲಿ ಓದಬಹುದು. ಹಳೆಯ ಹಿಕ್ಕೆ ಬೇಡ, ಏಕೆಂದರೆ ಮಲೆನಾಡಿನ ತೇವದಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಬೇಗನೆ ಆವರಿಸಿಕೊಳ್ಳುತ್ತವೆ.

ಹಿಕ್ಕೆಯನ್ನು ನೋಡಿ ಕರುಳಿನ ಬಗ್ಗೆ ಮಾತಾಡುವುದರಲ್ಲೂ ಒಂದು ಮಿತಿ ಇದೆ. 2018ರಲ್ಲಿ ಎಲೆಮೂಗಿನ ಬಾವಲಿಗಳ ಹಿಕ್ಕೆಯನ್ನೂ ಕರುಳಿನ ಒಳಗಿನ ಮಾದರಿಗಳನ್ನೂ ಹೋಲಿಸಿದಾಗ ಎರಡೂ ಒಂದೇ ಕಥೆ ಹೇಳಲಿಲ್ಲ: ಹಿಕ್ಕೆಯಲ್ಲಿ ಆಹಾರದ ಗುರುತು ಹೆಚ್ಚಾಗಿ, ಕರುಳಿನ ಮಾದರಿಯಲ್ಲಿ ವಂಶದ ಗುರುತು ಹೆಚ್ಚಾಗಿ ಕಂಡಿತು. ಹಿಕ್ಕೆಯಲ್ಲಿರುವುದು ಊಟದೊಂದಿಗೆ ಹಾದುಹೋದವು, ಕರುಳಿನ ಗೋಡೆಗೆ ಅಂಟಿ ಉಳಿದವು ಬೇರೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ಒಟ್ಟಿಗೆ ವಾಸಿಸುವುದರ ಪ್ರಭಾವವೂ ಇದೆ. ಈಜಿಪ್ಟಿನ ಹಣ್ಣುಬಾವಲಿಗಳ ತುಪ್ಪಳದ ಮೇಲಿನ ಬ್ಯಾಕ್ಟೀರಿಯಾಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿದಾಗ, ಇಡೀ ಗುಂಪಿನ ಬ್ಯಾಕ್ಟೀರಿಯಾಗಳು ಒಟ್ಟೊಟ್ಟಿಗೇ ಬದಲಾಗುತ್ತಿದ್ದವು. ಮೈಗೆ ಮೈ ತಾಗಿಸಿ ನೇತಾಡುವ, ತಮ್ಮ ತುಪ್ಪಳವನ್ನು ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿಗಳಲ್ಲಿ ತುಪ್ಪಳದ ಬ್ಯಾಕ್ಟೀರಿಯಾ ಬಾಯಿಗೂ ಹೊಟ್ಟೆಗೂ ಸೇರುವುದು ಸಹಜ.

ಕೊನೆಯದಾಗಿ ನಿಮ್ಮ ಅಟ್ಟದ ಹಿಕ್ಕೆ. ಅದರಲ್ಲಿ ಸಾರಜನಕ ಮತ್ತು ರಂಜಕ ಚೆನ್ನಾಗಿರುತ್ತವೆ, ಗೊಬ್ಬರವಾಗಿ ಬಳಸಬಹುದು. ಆದರೆ ಇನ್ನು ಮುಂದೆ ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಒಣಗಿದ್ದನ್ನು ಪೊರಕೆಯಲ್ಲಿ ಗುಡಿಸಿ ಧೂಳೆಬ್ಬಿಸಬೇಡಿ. ಬಾವಲಿ ಹಿಕ್ಕೆಯ ರಾಶಿಯಲ್ಲಿ ಬೆಳೆಯಬಲ್ಲ ಒಂದು ಬಗೆಯ ಶಿಲೀಂಧ್ರದ ಬೀಜಕಣಗಳು ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶದ ಸೋಂಕು ತರಬಲ್ಲವು. ನೀರು ಚಿಮುಕಿಸಿ ಒದ್ದೆ ಮಾಡಿ, ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು ತೆಗೆಯಿರಿ, ಸೊಪ್ಪು ಸಗಣಿಯೊಂದಿಗೆ ಗೊಬ್ಬರದ ಗುಂಡಿಯಲ್ಲಿ ಚೆನ್ನಾಗಿ ಕೊಳೆಯಿಸಿ ಆಮೇಲೆ ಅಡಿಕೆ ಬುಡಕ್ಕೆ ಹಾಕಿ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದೆಂಬ ಮಾತು ನಿಮಗೆ ಗೊತ್ತೇ ಇದೆ. 2018ರಲ್ಲಿ ಪಕ್ಕದ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ ಕಾಣಿಸಿಕೊಂಡ ನಿಪಾ, ಹಣ್ಣುಬಾವಲಿಗಳಲ್ಲಿರುವ ವೈರಸ್ಸಿನಿಂದ ಬಂದದ್ದು, ಮೇಲೆ ಹೇಳಿದ ಕರುಳಿನ ಬ್ಯಾಕ್ಟೀರಿಯಾಗಳಿಗೂ ಅದಕ್ಕೂ ಸಂಬಂಧವಿಲ್ಲ. ಮರಿಗಳಿರುವ ಕಾಲದಲ್ಲಿ ಅಟ್ಟ ಹತ್ತಿ ಅವುಗಳನ್ನು ಕದಲಿಸಬೇಡಿ. ಹಿಕ್ಕೆ ತೆಗೆಯುವ ಕೆಲಸವನ್ನು ಸಂಜೆ ಅವು ಹಾರಿಹೋದ ಮೇಲೆ ಇಟ್ಟುಕೊಳ್ಳಿ.